ಗಿಣಿಗೆ ಎರಡು ಸರ್ವೋ, ಒಂದು ಚಾರ್ಜರ್

ಮಧುಗಿರಿ, ೧೨ ಜನವರಿ ೨೦೨೫, ಭಾನುವಾರ
ನಾಗಭೂಷಣ್ ಕಳಿಸಿದ ಧ್ವನಿ ಸಂದೇಶ, ಹನುಮಂತರಾಜುಗೆ

...ಇಲ್ಲ ಇಲ್ಲ, ಮತ್ತೆ ಮೊದ್ಲಿಂದ ಹೇಳ್ತೀನಿ, ಬೇಜಾರ್ ಮಾಡ್ಕಬೇಡ ಕಣ್ಲಾ ರಾಜು. ಇದು ನಾಕ್ನೇ ಸಲ. ಮೂರು ಸಲ ಮಾತಾಡಿ ಅಳಿಸ್ಬುಟ್ಟೆ. ಮೊದಲ್ನೇದು ತೀರಾ ಬಿಗಿಯಾಗಿ ಬಂತು, ಬ್ಯಾಂಕಿನೋರ ಮುಂದೆ ನಿಂತ್ಕಂಡು ಮಾತಾಡ್ದಂಗೆ. ಎರಡ್ನೇದ್ರಾಗೆ ನಿನ್ನ ಬೈಯಕ್ಕೆ ಶುರು ಮಾಡ್ಬುಟ್ಟೆ. ಮೂರ್ನೇದು ಚೆನ್ನಾಗೇ ಹೋಗ್ತಿತ್ತು, ಅಷ್ಟ್ರಾಗೆ ಯಾರೋ ಸುಟ್ಟೋಗಿರೋ ಮಿಕ್ಸಿ ಹಿಡ್ಕಂಡು ಬಂದ್ರು. ಈಗ ಅಂಗಡಿ ಶಟರು ಅರ್ಧ ಎಳ್ಕಂಡು ಕುಂತಿದೀನಿ.

ನಾವಿಬ್ರೂ ಮಾತಾಡಿ ಎರಡು ವರ್ಸ ಆಯ್ತು. ಶಿರಾ ಲೇಔಟ್‌ನಾಗೆ ನಮ್ಮ ರಿಮೋಟ್ ಕಾರು ಗಿಣಿ ಆ ಸರ್ವೆ ಕಲ್ಲಿಗೆ ಹೋಗಿ ಹೊಡೀತಲ್ಲ, ಅವತ್ತಿಂದ. ಆಮೇಲೆ ನಾನು ಫೋನ್ ಮಾಡ್ದೆ, ನೀನು ಎತ್ತಲಿಲ್ಲ. ಹಬ್ಬಕ್ಕೊಂದು ಮೆಸೇಜು ಹಾಕ್ದೆ, ನೀನು ಕೈ ಮುಗ್ದಿರೋ ಚಿತ್ರ ಹಾಕ್ದೆ. ದೇವಸ್ಥಾನದೋರೂ ಅದನ್ನೇ ಹಾಕ್ತಾರೆ. ನಾನು ಸುಮ್ಕಾದೆ.

ಮೊನ್ನೆ ಹಬ್ಬಕ್ಕೆ ಅಂತ ಅಂಗಡಿ ಅಟ್ಟ ಗುಡಿಸ್ತಿದ್ದೆ. ಗಿಣಿ ಸಿಗ್ತು. ಹಳೇ ಪಂಚೆ ಸುತ್ತಿ ಇಟ್ಟಿದ್ದೆ. ಬಿಚ್ಚಿದ್ರೆ ಹಸ್ರು ಬಾಡಿ ಮೂತಿ ಸೀಳೋಗೈತೆ, ಎಂಜಿನ್ ಹಿಡ್ಕಂಡೈತೆ, ಚಕ್ರ ತಿರುಗ್ಸಿದ್ರೆ ಜಪ್ಪಯ್ಯ ಅನ್ನಲ್ಲ. ಸ್ಟೇರಿಂಗ್ ಸರ್ವೋ ಒಳಗೆ ಹಲ್ಲು ಉದ್ರೋಗವೆ, ಅಲ್ಲಾಡ್ಸಿದ್ರೆ ಗಿಲಕಿ ತರ ಸದ್ದು.

ನಮ್ಮನೆಯೋಳು ಸರ್ವಮಂಗಳಾ ಊಟದ ಡಬ್ಬಿ ತಂದಿದ್ಲು. ನೋಡಿ, ಐವತ್ತು ತುಂಬಿದ್ಮೇಲೆ ಆಟದ ಕಾರು ಇಳ್ಸಿದ್ರಾ ಅಂದ್ಲು. ಆಮೇಲೆ ಅವ್ಳೇ ಒಂದು ಪ್ರಶ್ನೆ ಕೇಳಿದ್ಲು, ಇದು ಎಣ್ಣೆ ಹಾಕಿ ಓಡೋ ಎಂಜಿನ್ ತಾನೆ, ಇದಕ್ಯಾಕೆ ಬ್ಯಾಟ್ರಿ ಅಂತ. ನಾನಂದೆ, ಓಡ್ಸೋದು ಎಂಜಿನ್ನೇ ಕಣೆ, ಆದ್ರೆ ಸ್ಟೇರಿಂಗ್ ತಿರುಗ್ಸೋಕೆ ಒಂದು ಕೈ ಬೇಕು, ಆಕ್ಸಿಲೇಟ್ರು ಬ್ರೇಕು ಎಳೆಯೋಕೆ ಒಂದು ಕಾಲು ಬೇಕು. ಕಡ್ಡಿಪೆಟ್ಟಿಗೆ ಅಷ್ಟಿರೋ ಎರಡು ಡಬ್ಬಿ, ಅವೇ ಸರ್ವೋ. ಅವಕ್ಕೆ ಜೀವ ಬರೋದು ಬ್ಯಾಟ್ರಿಯಿಂದ. ಬ್ಯಾಟ್ರಿ ಸತ್ರೆ ಕೈಕಾಲು ಬಿದ್ದೋಗ್ತವೆ, ಎಂಜಿನ್ ಮಾತ್ರ ಓಡ್ತಾನೇ ಇರ್ತೈತೆ ಅಂದೆ. ಅವ್ಳು ಡಬ್ಬಿ ನನ್ ಮುಂದಕ್ಕೆ ತಳ್ಳಿದ್ಲು.

ಅದಕ್ಕೇ ನಿಂಗೆ ಮಾತಾಡ್ತಿರೋದು. ಗಿಣಿನ ಮತ್ತೆ ಎಬ್ಬುಸ್ಬೇಕು ಅಂತಿದೀನಿ. ಯಾವ ಸರ್ವೋ ತರ್ಲಿ, ಯಾವ ಚಾರ್ಜರ್ ತರ್ಲಿ, ಹೇಳು. ನಾನು ದಿನಾ ಮೋಟ್ರಿಗೆ ತಂತಿ ಸುತ್ತೋನು, ವೋಲ್ಟು ಆಂಪ್ಸು ನಂಗೂ ಗೊತ್ತು ಅಂತೀಯ. ಗೊತ್ತು. ಆದ್ರೆ ಗಿಣಿ ನಮ್ಮಿಬ್ರುದು. ನಿನ್ನ ಕೇಳ್ದೆ ನಾನು ಅದಕ್ಕೆ ಒಂದು ಸ್ಕ್ರೂ ತಂದೋನಲ್ಲ.

ಬೆನ್ನು ನೋವು ಹೆಂಗೈತೆ? ಅದ್ರಿಂದ್ಲೇ ಬೋರ್ ಕೊರೆಯೋ ಗಾಡಿ ಬಿಟ್ಟು ತಿರುಮಣಿ ಸೋಲಾರ್ ಪಾರ್ಕಿಗೆ ಸೇರ್ಕಂಡ್ಯಂತೆ. ಒಳ್ಳೇದಾಯ್ತು ಬುಡು, ಇಪ್ಪತ್ತೈದು ವರ್ಸ ಆ ಕಂಪ್ರೆಸರ್ ಪಕ್ಕ ನಿಂತಿದ್ದು ಸಾಕು. ಮೆಸೇಜ್ ಹಾಕು. ಫೋನೇ ಮಾಡು ಬೇಕಾದ್ರೆ.


ಪಾವಗಡ, ೧೭ ಜನವರಿ ೨೦೨೫
ಹನುಮಂತರಾಜು ಬರೆದದ್ದು

ಭೂಷಣ್,

ನಿನ್ನ ಸಂದೇಶ ತಲುಪಿತು. ಉತ್ತರ ತಡವಾಯಿತು.

ಸ್ಟೇರಿಂಗಿನ ಸರ್ವೋಗೆ ಬಲ ಮುಖ್ಯ. ಗಿಣಿ ಮೂರೂವರೆ ಕೆಜಿ ತೂಗುತ್ತದೆ. ವೇಗದಲ್ಲಿ ಓಡುವಾಗ ಮುಂದಿನ ಚಕ್ರಗಳನ್ನು ತಿರುಗಿಸುವುದು ಸುಲಭವಲ್ಲ. ಹದಿನೈದು ಕೆಜಿ ಬಲಕ್ಕಿಂತ ಕಡಿಮೆಯದು ಬೇಡ. ಒಳಗಿನ ಹಲ್ಲುಗಳು ಲೋಹದವಿರಲಿ. ಆಕ್ಸಿಲರೇಟರ್ ಎಳೆಯುವ ಥ್ರಾಟಲಿನ ಸರ್ವೋಗೆ ಅಷ್ಟು ಬಲ ಬೇಕಿಲ್ಲ, ಆದರೆ ಚುರುಕಾಗಿರಬೇಕು. ಬ್ರೇಕನ್ನೂ ಅದೇ ಎಳೆಯುತ್ತದೆ. ಮಾರುವವರು ಒಂದೇ ಬಗೆಯ ಎರಡನ್ನು ಒಟ್ಟಿಗೆ ಕೊಡಲು ನೋಡುತ್ತಾರೆ. ಒಪ್ಪಬೇಡ. ಕೈಗೂ ಕಾಲಿಗೂ ಒಂದೇ ಅಳತೆಯಲ್ಲ.

ಮೊದಲು ಸರ್ವೋ, ಆಮೇಲೆ ಅದಕ್ಕೆ ತಕ್ಕ ಬ್ಯಾಟರಿ, ಕೊನೆಗೆ ಬ್ಯಾಟರಿಗೆ ತಕ್ಕ ಚಾರ್ಜರ್. ದೀಪ ನೋಡಿ ನಂಬಬೇಕಾದ ಚಾರ್ಜರ್ ಮತ್ತೆ ತರಬೇಡ. ಬ್ಯಾಟರಿಯ ಒಳಗೆ ಎಷ್ಟು ಹೋಯಿತು ಎಂದು ಅಂಕಿಯಲ್ಲಿ ತೋರಿಸುವಂಥದ್ದನ್ನೇ ತೆಗೆದುಕೋ.

ಬೆನ್ನು ಪರವಾಗಿಲ್ಲ.

ಹನುಮಂತರಾಜು


ಮಧುಗಿರಿ, ೨೬ ಜನವರಿ ೨೦೨೫, ಭಾನುವಾರ
ನಾಗಭೂಷಣ್ ಕಳಿಸಿದ ಧ್ವನಿ ಸಂದೇಶ

ಲೇ ರಾಜು, ನಿನ್ನ ಕಾಗದ ಓದ್ದೆ. ಕಾಗದ ಅಂತೀನಿ, ಮೆಸೇಜು ಅನ್ನೋಕೆ ಮನ್ಸು ಬರಲ್ಲ, ಪೇಪರ್‌ನೋರ ತರ ಬರ್ದಿದೀಯ. ಕೆಳಗೆ ಪೂರ್ತಿ ಹೆಸ್ರು ಬೇರೆ. ಹನುಮಂತರಾಜು ಅಂತ. ನಂಗೆ ಗೊತ್ತಿಲ್ವೇನೋ ನಿನ್ನ ಹೆಸ್ರು. ಮೇಲೆ ಭೂಷಣ್ ಅಂತ ಹಾಕಿದೀಯ. ಇಪ್ಪತ್ತು ವರ್ಸ ಬೂಸಾ ಬೂಸಾ ಅಂತಿದ್ದೋನು. ನಮ್ಮಪ್ಪನ ಎದುರಿಗೂ ಹಂಗೇ ಕರೀತಿದ್ದೆ, ಅವ್ರು ಬೈತಿದ್ರು, ನನ್ ಮಗ ಏನು ದನಿನ್ ಮೇವಾ ಅಂತ.

ಇರ್ಲಿ. ಆ ದೀಪದ ಮಾತು ಹೇಳ್ದೆ ನೋಡು, ದೀಪ ನೋಡಿ ನಂಬಬೇಕಾದ ಚಾರ್ಜರ್ ಮತ್ತೆ ತರಬೇಡ ಅಂತ. ಆ 'ಮತ್ತೆ' ಅನ್ನೋದನ್ನ ಎರಡು ಮೂರು ಸಲ ಓದ್ದೆ. ಅದ್ರ ಬಗ್ಗೆ... ಹ್ಞೂಂ. ಸರಿ ಬುಡು. ಅಂಕಿ ತೋರ್ಸೋದನ್ನೇ ನೋಡ್ತೀನಿ.

ಈಗ ಒಂದು ಅನುಮಾನ. ಸ್ಟೇರಿಂಗಿಗೆ ಒಂದು ಸರ್ವೋ ಸಿಕ್ಕೈತೆ, ಏಳೂವರೆ ವೋಲ್ಟು ಕೊಟ್ರೆ ಇಪ್ಪತ್ತು ಕೆಜಿ ಎಳೀತೈತಂತೆ. ಥ್ರಾಟಲಿಗೆ ಇನ್ನೊಂದು, ಅದು ಆರು ವೋಲ್ಟಿಂದು. ನಾನೇನ್ ಅಂದ್ಕಂಡೆ ಅಂದ್ರೆ, ಏಳೂವರೆ ವೋಲ್ಟು ಕೊಡೋ ಒಂದು ಜೋರಾಗಿರೋ ಲಿಪೋ ಬ್ಯಾಟ್ರಿ ತಂದು ಎರಡಕ್ಕೂ ಕೊಟ್ಬುಡಾಣ. ವೋಲ್ಟು ಜಾಸ್ತಿಯಾದ್ರೆ ಬಲ ಜಾಸ್ತಿ ತಾನೆ. ಆರ್ಡರ್ ಮಾಡೋ ಮುಂಚೆ ಬೆರಳು ತಡೀತು. ನಿನ್ನ ಕೇಳಾಣ ಅಂತ.

ಹಳೇ ನೆನಪು ಒಂದು ಹೇಳ್ಲಾ? ಕೊಳಾಲದ ತಾವ ಒಬ್ರ ತೋಟದಾಗೆ ಬೋರ್ ಕೊರೀತಿದ್ರಲ್ಲ, ನಾನು ಮೋಟ್ರು ಇಳಿಸೋಕೆ ಅಂತ ಬಂದು ಕಾಯ್ಕಂಡು ಕುಂತಿದ್ದೆ. ಧೂಳು, ಸದ್ದು, ಎದೆ ಒಡೆಯೋ ಹಂಗೆ. ನೀನು ಗಾಡಿ ಪಕ್ಕ ಕಣ್ ಮುಚ್ಕಂಡು ನಿಂತಿದ್ದೆ. ಇದ್ದಕ್ಕಿದ್ದಂಗೆ, ಬಂತು, ಅಂದೆ. ಬರೀ ಧೂಳೇ ಬರ್ತಿತ್ತು. ಎರಡು ನಿಮ್ಸ ಆದ್ಮೇಲೆ ಕೆಸ್ರು, ಆಮೇಲೆ ನೀರು. ಹೆಂಗ್ಲಾ ಗೊತ್ತಾಯ್ತು ಅಂದ್ರೆ, ಕಲ್ಲು ಬೇರೆ ತರ ಕೂಗ್ತು ಅಂದೆ. ಅವತ್ತೇ ಅಂದ್ಕಂಡೆ, ಇಂತ ಕಿವಿ ಇರೋನ್ನ ಬಿಡಬಾರ್ದು ಅಂತ. ಗಿಣಿ ತಂದಾಗ್ಲೂ ಅಷ್ಟೆ, ಎಣ್ಣೆ ಎಷ್ಟು ಹೋಗ್ಬೇಕು ಅಂತ ಹದ ಮಾಡೋ ಎಂಜಿನ್ ಸೂಜಿ ನಾನು ಯಾವತ್ತೂ ಮುಟ್ಲಿಲ್ಲ. ಅದು ನಿನ್ನ ಕೆಲ್ಸ, ಬ್ಯಾಟ್ರಿ ತುಂಬ್ಸೋದು ನನ್ ಕೆಲ್ಸ.

ಹ್ಞಾ, ಬ್ಯಾಟ್ರಿದು ಹೇಳು.


ಪಾವಗಡ, ೩೧ ಜನವರಿ ೨೦೨೫
ಹನುಮಂತರಾಜು ಬರೆದದ್ದು

ಭೂಷಣ್,

ಬೆರಳು ತಡೆದದ್ದು ಒಳ್ಳೆಯದಾಯಿತು. ಎರಡೂ ಸರ್ವೋಗಳಿಗೆ ಒಂದೇ ಬ್ಯಾಟರಿಯಿಂದ ಕರೆಂಟು ಹೋಗುತ್ತದೆ. ಲಿಪೋ ಹಾಕಿದರೆ ಸ್ಟೇರಿಂಗಿನದು ಹುರುಪಾಗಿ ಓಡಾಡುತ್ತದೆ, ಆರು ವೋಲ್ಟಿನದು ಸುಟ್ಟುಹೋಗುತ್ತದೆ. ಇಬ್ಬರಲ್ಲಿ ಯಾರು ಕಡಿಮೆ ತಾಳುತ್ತಾರೋ ಅವರನ್ನು ನೋಡಿ ಬ್ಯಾಟರಿ ಆರಿಸಬೇಕು. ಐದು ಸೆಲ್ಲಿನ ಆರು ವೋಲ್ಟಿನ ನಿಕ್ಕಲ್ ಬ್ಯಾಟರಿ ತೆಗೆದುಕೋ. ಸ್ಟೇರಿಂಗಿನದು ಅದರಲ್ಲೂ ಹದಿನೈದು ಕೆಜಿ ಎಳೆಯುತ್ತದೆ, ಗಿಣಿಗೆ ಸಾಕು. ಚಾರ್ಜರಿನಲ್ಲಿ ನಿಕ್ಕಲ್ ಬೇರೆ, ಲಿಪೋ ಬೇರೆ, ಆರಿಸಿ ಒತ್ತಬೇಕು. ತಪ್ಪಿ ಒತ್ತಿದರೆ ಬ್ಯಾಟರಿ ಉಬ್ಬುತ್ತದೆ, ಬೆಂಕಿಯೂ ಹತ್ತಬಹುದು.

ಕಾರ್ಬ್ಯುರೇಟರಿನ ಕೈಗೆ ಒಂದು ಚಿಕ್ಕ ಸ್ಪ್ರಿಂಗ್ ಕಟ್ಟು. ಬ್ಯಾಟರಿ ಸತ್ತರೂ ಅದು ಥ್ರಾಟಲನ್ನು ಎಳೆದು ಮುಚ್ಚುತ್ತದೆ. ಆಗಲೇ ಕಟ್ಟಬೇಕಿತ್ತು, ನಾವಿಬ್ಬರೂ ಯೋಚಿಸಲಿಲ್ಲ.

ಕೊಳಾಲದ್ದು ನೆನಪಿದೆ.

ಹನುಮಂತರಾಜು


ಮಧುಗಿರಿ, ೯ ಫೆಬ್ರವರಿ ೨೦೨೫, ಭಾನುವಾರ
ನಾಗಭೂಷಣ್ ಕಳಿಸಿದ ಧ್ವನಿ ಸಂದೇಶ

ರಾಜು, ಎದ್ಲು ಕಣ್ಲಾ ಗಿಣಿ. ಹೊಸ ಪಿಸ್ಟನ್ನು, ಹೊಸ ಸ್ಲೀವು ಹಾಕ್ದೆ. ಸರ್ವೋ ಎರಡೂ ಕೂರಿಸ್ದೆ. ಸ್ಪ್ರಿಂಗಿಗೆ ಎಲ್ಲೂ ಅಳತೆ ಸಿಗ್ಲಿಲ್ಲ, ಕೊನೆಗೆ ಸರ್ವಮಂಗಳಾ ಲೆಕ್ಕ ಬರೆಯೋ ಪೆನ್ನು ಬಿಚ್ಚಿ ಅದ್ರದ್ದೇ ಕಟ್ದೆ. ಅವ್ಳು ಇನ್ನೂ ಪೆನ್ನು ಹುಡುಕ್ತಾವ್ಳೆ.

ಇವತ್ತು ಬೆಳಿಗ್ಗೆ ಅಂಗಡಿ ಮುಂದೆ ಇಟ್ಟು ಸ್ಟಾರ್ಟ್ ಮಾಡ್ದೆ. ಬೀದಿಯೋರೆಲ್ಲ ಬಂದು ನಿಂತ್ರು. ಆ ವಾಸ್ನೆ ಬಂತಲ್ಲ, ಹರಳೆಣ್ಣೆ ಸುಟ್ಟಂಗೆ, ಅರಿಷಿಣ ಹತ್ತಿಸ್ದಂಗೆ, ಹೆಂಗೆ ಹೇಳ್ಲಿ, ನೀನು ಪಕ್ಕದಾಗೇ ನಿಂತಂಗಾಯ್ತು. ತಿರುಗಿ ನೋಡ್ಬುಟ್ಟೆ ನಾನು, ನಿಜವಾಗ್ಲೂ.

ಆದ್ರೆ ಸದ್ದು ಸರಿಯಿಲ್ಲ. ಎಣ್ಣೆ ಹೆಚ್ಚಾಗೈತೋ, ಗಾಳಿ ಹೆಚ್ಚಾಗೈತೋ, ನನ್ ತಲೆಗೆ ಹೋಗ್ತಿಲ್ಲ. ಇದ್ರ ಹಿಂದೆಯೇ ಎಂಜಿನ್ ಸದ್ದು ರೆಕಾರ್ಡ್ ಮಾಡಿ ಕಳಿಸ್ತಿದೀನಿ, ಒಂದು ನಿಮ್ಸದ್ದು. ಕೇಳಿ ಹೇಳು. ಸೂಜಿ ಎಷ್ಟು ತಿರುಗಿಸ್ಲಿ, ಒಳಕ್ಕೋ ಹೊರಕ್ಕೋ. ನೀನು ಹೇಳೋವರ್ಗೂ ನಾನು ಮುಟ್ಟಲ್ಲ.

ಒಂದಿನ ಬಾರ್ಲಾ. ಅದೇ ಶಿರಾ ಲೇಔಟಿಗೆ. ಎರಡು ವರ್ಸದಾಗೆ ಒಂದು ಮನೇನೂ ಎದ್ದಿಲ್ಲ ಅಲ್ಲಿ, ಟಾರ್ ರೋಡ್ ಹಂಗೇ ಬಿದ್ದೈತೆ.


ಪಾವಗಡ, ೧೧ ಫೆಬ್ರವರಿ ೨೦೨೫
ಹನುಮಂತರಾಜು ಬರೆದದ್ದು

ಭೂಷಣ್,

ಸದ್ದಿನ ವಿಷಯ ನನ್ನನ್ನು ಕೇಳಬೇಡ. ಬೇರೆ ಯಾರಿಗಾದರೂ ಕಳಿಸು. ಸರ್ವೋ, ಚಾರ್ಜರ್ ಬಗ್ಗೆ ಕೇಳುವುದಿದ್ದರೆ ಕೇಳು, ಹೇಳುತ್ತೇನೆ.

ಶಿರಾಕ್ಕೆ ಬರಲು ಆಗುವುದಿಲ್ಲ.

ಹನುಮಂತರಾಜು


ಮಧುಗಿರಿ, ೧೬ ಫೆಬ್ರವರಿ ೨೦೨೫, ಭಾನುವಾರ
ನಾಗಭೂಷಣ್ ಕಳಿಸಿದ ಧ್ವನಿ ಸಂದೇಶ

ರಾಜು. ಐದು ದಿನ ಸುಮ್ಕಿದ್ದೆ. ಸುಮ್ಕಿರೋದು ನಂಗೆ ಬರಲ್ಲ ಅಂತ ನಿಂಗೆ ಗೊತ್ತು.

ಸರಿ, ನಿಂಗೆ ಮೊದ್ಲಿಂದ್ಲೂ ಗೊತ್ತೈತೆ. ದೀಪ ನೋಡಿ ನಂಬೋ ಚಾರ್ಜರ್ ಮತ್ತೆ ಬೇಡ ಅಂದಾಗ್ಲೇ ನಾನು ಬಾಯಿ ಬಿಡಬೇಕಿತ್ತು. ಬಿಡ್ಲಿಲ್ಲ. ಈಗ ಬಿಡ್ತೀನಿ, ಕೇಳು.

ಗಿಣಿ ಕಲ್ಲಿಗೆ ಹೊಡೆದ ಹಿಂದಿನ ದಿನ ಸಾಯಂಕಾಲ ಬ್ಯಾಟ್ರಿನ ಅಂಗಡಿ ಬೋರ್ಡಿಗೇ ಚಾರ್ಜಿಗೆ ಹಾಕಿದ್ದೆ. ಆರಕ್ಕೆ ಅಂಗಡಿ ಮುಚ್ದೆ. ನಮ್ಮಪ್ಪನ ಕಾಲದಿಂದ ನಮ್ಮದೊಂದು ಪದ್ಧತಿ, ನೀನು ನೋಡಿದೀಯ. ಅಂಗಡಿ ಮುಚ್ಚೋವಾಗ ಮೈನ್ ಸ್ವಿಚ್ ಇಳ್ಸೋದು, ಅದಕ್ಕೆ ಒಂದು ಸಲ ಕೈ ಮುಗಿಯೋದು, ಆಮೇಲೆ ಶಟರ್. ಮೋಟ್ರು ಅಂಗಡೀಲಿ ಬೆಂಕಿ ಭಯ ಅಂತ ಅಪ್ಪ ಮಾಡ್ಕಂಡಿದ್ದು. ನಾನೂ ಇಳ್ಸಿದೆ, ಕೈ ಮುಗ್ದೆ, ಮನೆಗೆ ಹೋದೆ. ರಾತ್ರಿ ಪೂರ್ತಿ ಬ್ಯಾಟ್ರಿಗೆ ಒಂದು ತೊಟ್ಟು ಕರೆಂಟೂ ಹೋಗ್ಲಿಲ್ಲ. ಬೆಳಿಗ್ಗೆ ಬಂದು ಮೈನ್ ಎತ್ತಿದೆ, ಚಾರ್ಜರ್ ದೀಪ ಹತ್ತಿತ್ತು. ಮೈನ್ ಎತ್ತಿದಾಗ ಹತ್ತಿದ್ದು ಅದು. ನಾನು ತುಂಬೈತೆ ಅಂತ ಕಿತ್ಕಂಡು ಬಂದ್ಬುಟ್ಟೆ.

ಗಿಣಿ ಕಲ್ಲಿನ ಕಡೆ ಹೋಗೋವಾಗ ರಿಮೋಟ್ ನಿನ್ನ ಕೈಲಿತ್ತು. ನಾನು ಹಿಂದಿಂದ ಕೂಗ್ದೆ, ಬ್ರೇಕ್ ಹಿಡಿ ಬ್ರೇಕ್ ಹಿಡಿ ಅಂತ. ನೀನು ತಿರುಗಿ ಕೂಡ ನೋಡ್ಲಿಲ್ಲ. ಅಷ್ಟೊತ್ತಿಗಾಗ್ಲೇ ಬ್ಯಾಟ್ರಿ ಸತ್ತಿದ್ದು ನಿಂಗೆ ಗೊತ್ತಾಗೋಗಿತ್ತು, ನನ್ ಮೇಲೆ ಸಿಟ್ಟು ಬಂದಿತ್ತು ಅಂತ ಆಮೇಲೆ ಅರ್ಥ ಆಯ್ತು. ಅಲ್ಲೇ ಹೇಳ್ಬೇಕಿತ್ತು ನಾನು. ನೀನು ರಿಮೋಟ್ ತಿರುಗಿಸ್ಕಂಡು ತಿರುಗಿಸ್ಕಂಡು ನೋಡ್ತಿದ್ದೆ, ಪಾಪ, ನಿನ್ನದೇ ತಪ್ಪೇನೋ ಅನ್ನಂಗೆ. ನಾನು ಬಾಯಿ ಮುಚ್ಕಂಡು ಕಾರು ಎತ್ಕಂಡೆ.

ಅಷ್ಟೆ ರಾಜು. ಇನ್ನು ತೊಂದ್ರೆ ಕೊಡಲ್ಲ. ಮುಂದಿನ ವಾರ ಗಿಣಿನ ಡಬ್ಬಕ್ಕೆ ಹಾಕಿ ಪಾವಗಡದ ಬಸ್ಸಿಗೆ ಇಡ್ತೀನಿ. ಸರ್ವೋ, ಚಾರ್ಜರ್, ಎಲ್ಲಾ ಸೇರ್ಸಿ. ನಿನ್ನತ್ರಾನೇ ಇರ್ಲಿ. ಅದನ್ನ ನೋಡ್ಕಂಡು ನಾನೊಬ್ನೇ ಅಂಗಡೀಲಿ ಕುಂತಿರಕ್ಕಾಗಲ್ಲ.


ಪಾವಗಡ, ೨೦ ಫೆಬ್ರವರಿ ೨೦೨೫
ಹನುಮಂತರಾಜುವಿನ ಹೆಂಡತಿ ಶ್ರೀಲತಾ ಕಳಿಸಿದ ಧ್ವನಿ ಸಂದೇಶ, ನಾಗಭೂಷಣ್‌ಗೆ

ಅಣ್ಣಾ, ನಾನು ಶ್ರೀಲತಾ. ಅವ್ರ ಫೋನಿಂದ್ಲೇ ಮಾತಾಡ್ತಿದೀನಿ. ಅವ್ರು ಇಲ್ಲೇ ನನ್ ಎದುರಿಗೇ ಕೂತವ್ರೆ, ಪೇಪರ್ ಓದ್ಕೊಂಡು. ನಾನು ಹೇಳ್ತಿರೋದು ಅವ್ರಿಗೆ ಕೇಳ್ಸಲ್ಲ. ಅದೇ ಅಣ್ಣಾ ವಿಷಯ. ಕೇಳ್ಸಲ್ಲ.

ಬೆನ್ನು ನೋವಲ್ಲ ಬೋರ್ ಗಾಡಿ ಬಿಟ್ಟಿದ್ದು. ಕಿವಿ. ಮೊದ್ಲು ಸಣ್ಣ ಸದ್ದುಗಳು ಹೋದ್ವು. ಕುಕ್ಕರ್ ಕೂಗೋದು, ಮೊಬೈಲು, ಹಕ್ಕಿ. ದಪ್ಪ ಸದ್ದು ಸ್ವಲ್ಪ ಕೇಳ್ತಿತ್ತು, ಹಂಗಾಗಿ ಯಾರಿಗೂ ತಿಳೀಲಿಲ್ಲ, ಅವ್ರಿಗೂ ತಿಳೀಲಿಲ್ಲ. ಈಗ ಮಾತು ಏನೂ ಗೊತ್ತಾಗಲ್ಲ. ಮಿಷನ್ ತಂದ್ವಿ, ಕಿವಿಗೆ ಹಾಕಿದ್ರೆ ಎಲ್ಲಾ ಒಂದೇ ಸಲ ಗುಂಯ್ ಅಂತೈತಂತೆ, ಬೀರುವಾಗೆ ಇಟ್ಟವ್ರೆ. ನೀವು ಫೋನ್ ಮಾಡಿದಾಗೆಲ್ಲ ಕೈಯಾಗೆ ಹಿಡ್ಕೊಂಡು ನೋಡ್ತಾ ಕೂತಿರ್ತಿದ್ರು, ಅದು ನಿಲ್ಲೋವರ್ಗೂ.

ನಿಮ್ಮ ಮಾತೆಲ್ಲಾ ನಾನೇ ಕೇಳಿ ನೋಟ್‌ಬುಕ್ಕಾಗೆ ಬರ್ದು ಕೊಡ್ತೀನಿ. ನಾನು ಮಡಕಶಿರದಾಗೆ ತೆಲುಗು ಮೀಡಿಯಂ ಓದಿದೋಳು ಕದಾ, ನಿಮ್ಮ ಕನ್ನಡಾನ ತೆಲುಗು ಅಕ್ಷರದಾಗೆ ಬರೀತೀನಿ, ಅವ್ರಿಗೂ ಓದೋಕೆ ಬರ್ತೈತೆ. ಒಂದೊಂದ್ಸಲ ನಾಲ್ಕೈದು ದಿನ ಹಿಡೀತೈತೆ, ನೀವು ಅಷ್ಟು ಮಾತಾಡ್ತೀರ. ಏನೂ ಬಿಡಬಾರ್ದು, ಅವ್ನು ಕೆಮ್ಮಿದ್ರೂ ಬರಿ ಅಂದವ್ರೆ. ಪೆನ್ನಿನ ಸ್ಪ್ರಿಂಗ್ ಓದಿ ಎಷ್ಟು ನಕ್ರು ಗೊತ್ತಾ. ಆಮೇಲೆ ನೀವು ಎಂಜಿನ್ ಸದ್ದು ಕಳ್ಸಿದ್ರಿ. ಅದನ್ನ ನಾನು ಹೆಂಗೆ ಬರೀಲಿ ಅಣ್ಣಾ? ಫೋನನ್ನ ಎದೆಗೆ ಒತ್ಕೊಂಡು ಕೂತಿದ್ರು. ಸಾಯಂಕಾಲ ನಿಮ್ಗೆ ಆ ನಾಲ್ಕು ಸಾಲು ಹಾಕಿದ್ರು.

ನಿಮ್ಮ ಕೊನೇದು ನಾನು ಇನ್ನೂ ಬರ್ದು ಕೊಟ್ಟಿಲ್ಲ. ಬರೀಬೇಕು ಅಂದ್ರೆ ಮೈನ್ ಸ್ವಿಚ್ಚಿಂದೂ ಬರೀಬೇಕು, ಗಿಣಿ ವಾಪಸ್ ಕಳಿಸ್ತೀನಿ ಅಂದಿದ್ದೂ ಬರೀಬೇಕು. ಅದು ಬಂದ್ರೆ ಅವ್ರು ಡಬ್ಬ ಬಿಚ್ಚಲ್ಲ ಅಣ್ಣಾ. ನಂಗೆ ಗೊತ್ತು. ಏನ್ ಮಾಡ್ಲಿ, ಬರೀಲಾ ಬೇಡ್ವಾ, ನೀವೇ ಹೇಳಿ.


ಮಧುಗಿರಿ, ೨೧ ಫೆಬ್ರವರಿ ೨೦೨೫
ನಾಗಭೂಷಣ್ ಬೆರಳಚ್ಚಿಸಿದ್ದು, ಹನುಮಂತರಾಜುಗೆ

ರಾಜು ನಾನೆ ಬರಿತಿದಿನಿ. ಬೆರಳು ದಪ್ಪ ಒಂದೊತ್ತಿದ್ರೆ ಇನ್ನೊಂದು ಬರ್ತದೆ. ಅರ್ದ ಗಂಟೆ ಆಯ್ತು ಇಷ್ಟಕ್ಕೆ. ಗಿಣಿನ ಬಸ್ಸಿಗೆ ಇಡಲ್ಲ. ಮಿಕ್ಕಿದ್ದು ಶ್ರೀಲತಾ ಬರ್ದು ಕೊಡ್ತಾಳೆ ಓದು.


ಮಧುಗಿರಿ, ೨೧ ಫೆಬ್ರವರಿ ೨೦೨೫
ನಾಗಭೂಷಣ್ ಕಳಿಸಿದ ಧ್ವನಿ ಸಂದೇಶ, ಶ್ರೀಲತಾಗೆ

ತಾಯಿ, ಬರೀಮ್ಮ. ಎಲ್ಲಾ ಬರಿ. ಮೈನ್ ಸ್ವಿಚ್ಚೂ ಬರಿ, ಕೈ ಮುಗ್ದಿದ್ದೂ ಬರಿ. ವಾಪಸ್ ಕಳಿಸ್ತೀನಿ ಅಂದಿದ್ದೂ ಬರಿ, ನಾನು ಎಂತ ಪೆದ್ದ ಅಂತ ಅವ್ನಿಗೂ ಗೊತ್ತಾಗ್ಲಿ. ಆಮೇಲೆ ಅದ್ರ ಕೆಳಗೆ ಇದನ್ನ ಸೇರ್ಸು. ನಿಧಾನಕ್ಕೆ ಹೇಳ್ತೀನಿ, ನಿನ್ನ ಕೈ ನೋಯ್ಬಾರ್ದು. ಎರಡು ವರ್ಸ ಅವ್ನು ತಿರುಗಿ ನೋಡ್ಲಿಲ್ಲ ಅಂತ ಬೈಕಂಡು ಕುಂತಿದ್ದೆ ನಾನು. ಅಲ್ಲ, ಇದನ್ನ ಬರೀಬೇಡ. ಬರಿ, ಪರ್ವಾಗಿಲ್ಲ.

ರಾಜು, ನಮ್ಮ ಅಂಗಡೀಲಿ ಮೋಟ್ರು ಕಾದೈತಾ ಅಂತ ನೋಡೋಕೆ ನಮ್ಮಪ್ಪ ಏನ್ ಮಾಡ್ತಿದ್ರು? ಬೆರಳು ಅದ್ದಿ ಒಂದು ಹನಿ ನೀರು ಮೇಲೆ ಬಿಡ್ತಿದ್ರು. ಹನಿ ಸುಮ್ನೆ ಕುಂತ್ರೆ ತಣ್ಣಗೈತೆ. ಚುರ್ ಅಂತ ಹಾರೋದ್ರೆ ಮಿತಿ ಮೀರೈತೆ. ಕುದ್ದು ಕುದ್ದು ನಾಕೆಣಿಸೋ ಹೊತ್ತಿಗೆ ಆರಿದ್ರೆ ಹದ. ಮೊನ್ನೆ ಗಿಣಿ ಎಂಜಿನ್ ತಲೆ ಮೇಲೂ ಬಿಟ್ಟು ನೋಡ್ದೆ. ಹಂಗೇ ಐತೆ ಲೆಕ್ಕ, ಎಣ್ಣೆ ಹೆಚ್ಚಾದ್ರೆ ತಣ್ಣಗೆ, ಕಮ್ಮಿಯಾದ್ರೆ ಬಿಸಿ. ಹನಿ ಕಣ್ಣಿಗೆ ಕಾಣ್ತೈತೆ, ಹೊಗೆ ಕಣ್ಣಿಗೆ ಕಾಣ್ತೈತೆ. ಸದ್ದು ನಾನು ಕೇಳ್ತೀನಿ, ಸಣ್ಣಗಾದ್ರೆ ಕೈ ಮೇಲೆತ್ತೀನಿ, ದಪ್ಪಗಾದ್ರೆ ಇಳಿಸ್ತೀನಿ. ಸೂಜಿ ನೀನು ತಿರುಗ್ಸು.

ಮಾರ್ಚ್ ಹದಿನಾರು ಭಾನುವಾರ. ಶಿರಾ. ನೀನು ಬಾರದಿದ್ರೆ ನಾನು ಸೂಜಿ ಮುಟ್ದೆ ಗಿಣಿನ ಸುಮ್ನೆ ರೋಡ್ ಮೇಲೆ ಇಟ್ಕಂಡು ಕುಂತಿರ್ತೀನಿ. ಅಷ್ಟು ಬರ್ದು ಕೊಡು ತಾಯಿ.


ಪಾವಗಡ, ೫ ಮಾರ್ಚ್ ೨೦೨೫
ಹನುಮಂತರಾಜು ಬರೆದದ್ದು

ಭೂಷಣ್,

ನಿನ್ನ ಮೈನ್ ಸ್ವಿಚ್ಚಿನ ಕಥೆಯನ್ನು ಮೂರು ಸಲ ಓದಿದೆ. ನನಗೆ ಅದು ಗೊತ್ತೇ ಇರಲಿಲ್ಲ. ಅಂಕಿ ತೋರಿಸುವ ಚಾರ್ಜರ್ ತಾ ಎಂದದ್ದು ಹಳೆಯದು ಅಗ್ಗದ್ದಾಗಿತ್ತು ಎಂಬ ಕಾರಣಕ್ಕೆ, ಅಷ್ಟೆ. ನೀನು ನನ್ನ ಹಿಂದೆ ನಿಂತು ಕೂಗಿದೆ ಎಂಬುದೂ ಶ್ರೀಲತಾ ಬರೆದ ಮೇಲೆಯೇ ನನಗೆ ತಿಳಿದದ್ದು.

ಈಗ ನನ್ನದನ್ನು ಕೇಳು. ಕಲ್ಲಿಗೆ ಹೊಡೆದದ್ದು ನಿನ್ನ ಬ್ಯಾಟರಿಯಿಂದ ಇರಬಹುದು. ಎಂಜಿನ್ ಹಿಡಿದುಕೊಂಡದ್ದು ನನ್ನಿಂದ. ಆ ಬೆಳಿಗ್ಗೆ ಎಣ್ಣೆ ತಗ್ಗಲೆಂದು ಸೂಜಿಯನ್ನು ಸ್ವಲ್ಪ ಒಳಕ್ಕೆ ತಿರುಗಿಸಿದೆ, ಎಂಜಿನ್ ಸಣ್ಣ ದನಿಗೆ ಏರುವುದನ್ನು ಕಾದೆ. ಏರಲಿಲ್ಲ. ಇನ್ನಷ್ಟು ತಿರುಗಿಸಿದೆ. ಆಗಲೂ ಏರಲಿಲ್ಲ. ಅದು ಏರಿ ಏರಿ ಚೀರುತ್ತಿತ್ತು ಎಂದು, ನನ್ನ ಕಿವಿಗೆ ಮಾತ್ರ ಬೀಳುತ್ತಿಲ್ಲ ಎಂದು ನನಗೆ ಹೊಳೆಯಲಿಲ್ಲ. ಎಣ್ಣೆ ಸಾಲದೆ ಒಳಗೆ ಒಣಗಿ ಹೋಯಿತು. ಮನೆಗೆ ಬಂದು ಕುಕ್ಕರಿನ ಮುಂದೆ ನಿಂತಿದ್ದೆ. ಆವಿ ಚಿಮ್ಮುತ್ತಿತ್ತು, ಸದ್ದಿರಲಿಲ್ಲ. ಆಗ ಗೊತ್ತಾಯಿತು.

ನೀನು ನನ್ನ ಕಿವಿಯನ್ನು ನೋಡಿ ಸ್ನೇಹ ಮಾಡಿದವನು ಎಂದು ನೀನೇ ಎಷ್ಟೋ ಸಲ ಹೇಳಿದ್ದೀಯೆ. ಕಿವಿ ಹೋಯಿತು ಎಂದು ನಿನಗೆ ಹೇಗೆ ಹೇಳಲಿ? ಅದಕ್ಕೆ ಫೋನ್ ಎತ್ತಲಿಲ್ಲ.

ಹನಿಯ ಲೆಕ್ಕ ಸರಿಯಾಗಿದೆ. ಆದರೆ ಬರುತ್ತೇನೆ ಎಂದು ಈಗ ಹೇಳಲಾರೆ. ಅದೇ ಜಾಗ, ಅದೇ ಸೂಜಿ. ಮತ್ತೆ ಕೆಡಿಸಿದರೆ ಏನು ಮಾಡಲಿ ಎಂಬ ಅಂಜಿಕೆ ಇದೆ. ಆ ಭಾನುವಾರ ನನಗೆ ಡ್ಯೂಟಿಯೂ ಇದೆ.

ರಾಜು


ಶಿರಾ, ೧೬ ಮಾರ್ಚ್ ೨೦೨೫, ಭಾನುವಾರ
ನಾಗಭೂಷಣ್ ಕಳಿಸಿದ ಧ್ವನಿ ಸಂದೇಶ, ಶ್ರೀಲತಾಗೆ

...ಹ್ಞಾ, ಮತ್ತೆ ಶುರು ಮಾಡ್ತೀನಿ ಕಣಮ್ಮ, ಗಾಳಿ ಜಾಸ್ತಿ, ಹಿಂದಿನದ್ರಾಗೆ ಬರೀ ಗಾಳಿನೇ ರೆಕಾರ್ಡ್ ಆಗೈತೆ. ಅದನ್ನೂ ಬರೀತಿದ್ದೆಯೇನೋ ನೀನು.

ಡ್ಯೂಟಿ ಬಟ್ಟೆ ಹಾಕ್ಕಂಡು ಬೆಳಿಗ್ಗೆನೇ ಹೋದ್ರು ಅಂತ ನೀನು ಮೆಸೇಜ್ ಹಾಕಿದ್ಯಲ್ಲ, ನೋಡ್ದೆ. ಆಗ್ಲಿ. ಸೋಲಾರ್ ಕೆಲ್ಸ, ಬಿಟ್ಟು ಬಾ ಅನ್ನೋಕಾಗುತ್ತಾ. ಬೇಜಾರಿಲ್ಲ ನಂಗೆ. ಅವ್ನ ಕಾಗದದ ಕೆಳಗೆ ಬರೀ ರಾಜು ಅಂತ ಇತ್ತು, ನೋಡಿದ್ಯಾ? ನಂಗೆ ಅಷ್ಟು ಸಾಕು. ನೋಟ್‌ಬುಕ್ಕಿಗೆ ಬೇಕಾಗ್ತೈತೆ ಅಂತ ಇಲ್ಲಿನದು ಹೇಳ್ತಿದೀನಿ, ಸಾಯಂಕಾಲ ಬಂದ್ಮೇಲೆ ಓದ್ಕಳ್ಳಿ.

ಹತ್ತು ಗಂಟೆಯಿಂದ ಕುಂತಿದೀನಿ. ಇಲ್ಲಿನ ವಾಚ್‌ಮನ್ ಸಾಬ್ರು ಬಂದಿದ್ರು. ಏನ್ ಭಾಯ್, ಸೈಟ್ ತಗಳಕ್ಕೆ ಬಂದ್ರಾ ಅಂದ್ರು. ಇಲ್ಲ, ಕಾರು ಓಡಿಸಕ್ಕೆ ಅಂದೆ. ಕಾರು ನೋಡಿದ್ರು, ನನ್ ತಲೆ ನೋಡಿದ್ರು, ನರೆತಿರೋದು. ಬಹುತ್ ಅಚ್ಛಾ, ಅಂತ ಹೇಳ್ಬುಟ್ಟು ಬೇಗ ಹೋದ್ರು.

ಬರಿ ಇದನ್ನ. ಚಾರ್ಜರ್ ಈಗ ಮನೇಲಿ ಇಟ್ಟಿದೀನಿ, ಅಂಗಡೀಲಿ ಅಲ್ಲ. ನಿನ್ನೆ ತುಂಬ್ಸಿದ್ದು, ಅಂಕಿ ಸಾವಿರದ ಐನೂರ ಇಪ್ಪತ್ತು ತೋರಿಸ್ತು, ಹೊಟ್ಟೆ ತುಂಬಿದ ಲೆಕ್ಕ ಅದು. ಸರ್ವಮಂಗಳಾನ್ನ ಕರ್ದು ತೋರಿಸ್ದೆ, ಸಾಕ್ಷಿಗೆ ಇರ್ಲಿ ಅಂತ. ಸ್ಟೇರಿಂಗ್ ಸರ್ವೋ ಕೈ ಬಲವಾಗೈತೆ, ಚಕ್ರ ಹಿಡ್ಕಂಡ್ರೂ ಬಿಡಿಸ್ಕಂತೈತೆ. ಥ್ರಾಟಲ್ದು ಚುರುಕು. ಬ್ಯಾಟ್ರಿ ಕಿತ್ತು ನೋಡ್ದೆ, ಪೆನ್ನಿನ ಸ್ಪ್ರಿಂಗು ಟಕ್ ಅಂತ ಮುಚ್ತು. ಇದನ್ನ ಅವ್ನು ಓದಿದ್ರೆ ಒಂದ್ಸಲ ತಲೆ ಆಡಿಸ್ತಾನೆ. ನಗಲ್ಲ. ತಲೆ ಆಡಿಸ್ತಾನೆ.

ಎಂಜಿನ್ ಸ್ಟಾರ್ಟ್ ಮಾಡಿದ್ದೆ ಈಗ ತಾನೆ, ಆರಿಸ್ದೆ. ಹನಿ ಬಿಟ್ಟೆ, ಸುಮ್ನೆ ಕುಂತಿತ್ತು. ಎಣ್ಣೆ ಹೆಚ್ಚಾಗೈತೆ ಅಂತ ನಂಗೂ ಗೊತ್ತಾಯ್ತು. ಸ್ಕ್ರೂಡ್ರೈವರ್ ಜೇಬಾಗೈತೆ. ಕಾಲು ಸುತ್ತು ಒಳಕ್ಕೆ ತಿರುಗಿಸಿದ್ರೆ ಸರಿಹೋಗ್ತೈತೆ, ಅಷ್ಟು ಬುದ್ಧಿ ನಂಗೂ ಐತೆ. ಆದ್ರೆ ಮುಟ್ಟಲ್ಲ ಅಂದಿದೀನಲ್ಲ, ಮುಟ್ಟಲ್ಲ. ಇನ್ನೊಂದರ್ಧ ಗಂಟೆ ನೋಡ್ತೀನಿ, ಆಮೇಲೆ ಗಿಣಿನ ಪಂಚೆಗೆ ಸುತ್ಕಂಡು ಹೊರಡ್ತೀನಿ. ಬರೋ ತಿಂಗ್ಳು ಇನ್ನೊಂದು ಭಾನುವಾರ. ಅದ್ರ ಮುಂದಿನ ತಿಂಗ್ಳು ಇನ್ನೊಂದು. ನಂಗೇನೂ ಆತ್ರ ಇಲ್ಲ, ಅವ್ನಿಗೆ ಹೇಳು, ಕಿವಿ ಬಿಟ್ಟು ಮಿಕ್ಕಿದ್ದೆಲ್ಲ ಇನ್ನೂ...

ತಡಿ.

ಮೇನ್ ರೋಡಿಂದ ಯಾರೋ ಇಳ್ದು ಬರ್ತಾವ್ರೆ. ನೀಲಿ ಅಂಗಿ. ಡ್ಯೂಟಿ ಅಂಗಿ ಯಾವ ಬಣ್ಣ ಕಣಮ್ಮ ಅವ್ನದು? ಕೈಲೊಂದು ನೀರಿನ ಬಾಟ್ಲು. ನಡಿಗೆ ನೋಡು, ಬೋರ್ ಗಾಡಿ ಪಕ್ಕ ನಡೀತಿದ್ನಲ್ಲ, ಅದೇ. ನಿಂಗೂ ಸುಳ್ಳು ಹೇಳಿ ಬಂದವ್ನೆ.

ಇಲ್ಲ, ನಾನು ಕೂಗಲ್ಲ, ಕೂಗಿ ಏನ್ ಮಾಡ್ಲಿ, ಕೈ ಎತ್ತಿದೀನಿ. ನೋಡ್ದ. ಜೇಬಿಗೆ ಕೈ ಹಾಕಿದ್ದೆ, ಸ್ಕ್ರೂಡ್ರೈವರ್ ಕಾಣಿಸ್ಬುಡ್ತೋ ಏನೋ. ಅಯ್ಯೋ, ಅವ್ನೇ ಕೂಗ್ತಾವ್ನೆ. ಎಷ್ಟು ಜೋರಾಗಿ ಕೂಗ್ತಿದೀನಿ ಅಂತ ಅವ್ನಿಗೇ ಗೊತ್ತಿಲ್ಲ, ಇಡೀ ಲೇಔಟಿಗೆ ಕೇಳ್ತೈತೆ. ಫೋನ್ ಆ ಕಡೆ ಹಿಡೀತೀನಿ, ಕೇಳು.

"ಬೂಸಾ, ಸೂಜಿ ಮುಟ್ಬೇಡ ಕಣ್ಲಾ."

ಕೇಳಿಸ್ತಾ? ಇಡ್ತೀನಿ ಕಣಮ್ಮ, ಕರೀತಾವ್ನೆ.